ಹಿಟ್ಟಿನ ಕೋಳಿಯೂ ತೆರೆಯ ಮೇಲಿನ ಬೇಟೆಯೂ

ಅಹಿಂಸೆಯು ಧರ್ಮದ ಜೀವಾಳವೆಂಬುದನ್ನು ಶ್ರಾವಕರ ಮನೆಯಲ್ಲಿ ಹುಟ್ಟಿದ ಮಗುವಿಗೆ ಯಾರೂ ಪ್ರತ್ಯೇಕವಾಗಿ ಬೋಧಿಸಬೇಕಾಗಿಲ್ಲ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವುದು, ನೀರನ್ನು ಸೋಸಿ ಕುಡಿಯುವುದು, ಇರುವೆಯ ಸಾಲನ್ನು ಕಂಡರೆ ಕಾಲು ತೆಗೆದಿಡುವುದು ಇವೆಲ್ಲ ಅಕ್ಷರಾಭ್ಯಾಸಕ್ಕಿಂತ ಮೊದಲೇ ಅಭ್ಯಾಸವಾಗಿರುತ್ತವೆ. ಆದರೆ ಅದೇ ಮಗು ಹದಿನಾಲ್ಕು ಹದಿನೈದರ ಪ್ರಾಯಕ್ಕೆ ಬಂದು, ಕಂಪ್ಯೂಟರಿನ ಮುಂದೆ ಕುಳಿತು, ತೆರೆಯ ಮೇಲಿನ ಒಬ್ಬ ಮನುಷ್ಯನನ್ನು ಹಿಂದಿನಿಂದ ಹೋಗಿ ಕತ್ತು ಹಿಡಿದು ಕೆಡವಿದರೆ ಅದನ್ನು ಏನೆಂದು ಕರೆಯಬೇಕು? ಅಲ್ಲಿ ಸತ್ತವರಿಲ್ಲ, ನೊಂದವರಿಲ್ಲ, ಒಂದು ಹನಿ ರಕ್ತವೂ ನೆಲಕ್ಕೆ ಬಿದ್ದಿಲ್ಲ. ಹಾಗಾದರೆ ಅಲ್ಲಿ ಹಿಂಸೆಯೂ ಇಲ್ಲವೆ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಪೇಟೆಬೀದಿಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಎಂಬಂತೆ ಬಾಳುವ ಕುಟುಂಬಗಳಿಗೆ ಈ ಪ್ರಶ್ನೆ ಈಗ ದೂರದ್ದಲ್ಲ. ಮಾಲೂರಿನಿಂದ ರೈಲಿನಲ್ಲಿ ಬೆಂಗಳೂರಿನ ಕಾಲೇಜಿಗೆ ಹೋಗಿಬರುವ ತರುಣರು ಏನನ್ನು ಆಡುತ್ತಾರೋ ಅದನ್ನೇ ಶ್ರೀನಿವಾಸಪುರದ ಹುಡುಗನೂ ಅದೇ ದಿನ ಆಡಬಲ್ಲನು. ಇಂಥ ಸಂದರ್ಭದಲ್ಲಿ ಹಿರಿಯರಿಂದ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ‘ಅದು ಬರೀ ಆಟ, ಬಿಡಿ’ ಎಂಬುದು ಒಂದು. ‘ಅದು ಪಾಪ, ಆ ಯಂತ್ರವನ್ನು ಮುಚ್ಚಿಡು’ ಎಂಬುದು ಇನ್ನೊಂದು. ಎರಡೂ ಅವಸರದ ಉತ್ತರಗಳೇ. ಒಂದು ಆಟವನ್ನಾದರೂ ಕಣ್ಣಿಟ್ಟು ನೋಡಿ, ಶಾಸ್ತ್ರದ ಅಳತೆಗೋಲಿನಿಂದ ಅಳೆದು, ಆಮೇಲೆ ತೀರ್ಮಾನಕ್ಕೆ ಬರುವುದು ವಿವೇಕಿಗಳ ಮಾರ್ಗ.

ಪರೀಕ್ಷೆಗೆ ಯೋಗ್ಯವಾದ ಒಂದು ಆಟವೆಂದರೆ ‘ಬ್ಯಾಟ್‌ಮನ್: ಅರ್ಕಮ್ ಅಸೈಲಮ್’. ಇದನ್ನು ಲಂಡನ್ನಿನ ರಾಕ್‌ಸ್ಟೆಡಿ ಸ್ಟುಡಿಯೋಸ್ ಸಂಸ್ಥೆ ರೂಪಿಸಿತು. ಐಡೋಸ್ ಸಂಸ್ಥೆ ಪ್ರಕಟಿಸಿತು. 2009ರ ಆಗಸ್ಟ್‌ನಲ್ಲಿ, ಪೂರ್ಣ ಆಟ ಮಾರುಕಟ್ಟೆಗೆ ಬರುವ ಮುನ್ನ, ಅದರ ಒಂದು ಭಾಗವನ್ನು ಉಚಿತವಾಗಿ ಹಂಚಲಾಯಿತು. ಇಂಥ ಭಾಗಕ್ಕೆ ‘ಡೆಮೊ’ ಎನ್ನುತ್ತಾರೆ. ವ್ಯಾಪಾರಸ್ಥರ ಭಾಷೆಯಲ್ಲಿ ಇದು ಸ್ಯಾಂಪಲ್. ಕೋಲಾರದ ಟೊಮ್ಯಾಟೊ ಮಾರುಕಟ್ಟೆಯಲ್ಲಿ ಪೆಟ್ಟಿಗೆಯ ಮೇಲಿನ ಸಾಲು ನೋಡಿ ಬೆಲೆ ಕೂಗುವವರಿರುತ್ತಾರೆ. ಅನುಭವಿಗಳು ಕೈಹಾಕಿ ಕೆಳಗಿನ ಹಣ್ಣನ್ನೂ ತೆಗೆದು ನೋಡುತ್ತಾರೆ. ಈ ಡೆಮೊವನ್ನೂ ಹಾಗೆಯೇ ನೋಡಬೇಕಾಗಿದೆ.

ಡೆಮೊದಲ್ಲಿ ಕಾಣುವುದೇನು?

ಬ್ಯಾಟ್‌ಮನ್ ಎಂಬ ಕಥಾನಾಯಕ 1939ರಲ್ಲಿ ಅಮೆರಿಕದ ಒಂದು ಚಿತ್ರಕಥಾ ಪತ್ರಿಕೆಯಲ್ಲಿ ಹುಟ್ಟಿದವನು. ಬಾಲ್ಯದಲ್ಲಿ ಒಬ್ಬ ದರೋಡೆಕೋರನ ಗುಂಡಿಗೆ ತಂದೆ ತಾಯಿಯರನ್ನು ಕಳೆದುಕೊಂಡ ಸಿರಿವಂತನ ಮಗ. ಬಾವಲಿಯ ವೇಷ ತೊಟ್ಟು ರಾತ್ರಿಯಲ್ಲಿ ದುಷ್ಟರನ್ನು ಹಿಡಿಯುತ್ತಾನೆ. ಮೊದಮೊದಲ ಕತೆಗಳಲ್ಲಿ ಅವನು ಕೊಂದದ್ದೂ ಉಂಟು. ಸ್ವಲ್ಪ ಕಾಲದಲ್ಲೇ ಅವನು ಯಾರನ್ನೂ ಕೊಲ್ಲಬಾರದೆಂಬ ನಿಯಮ ರೂಢಿಗೆ ಬಂದಿತು. ಈ ಆಟವೂ ಆ ನಿಯಮವನ್ನು ಪಾಲಿಸುತ್ತದೆ. ಆಡುವವನು ಎಷ್ಟು ಹೊಡೆದರೂ ಎದುರಾಳಿ ಮೂರ್ಛೆ ಹೋಗುತ್ತಾನೆಯೇ ಹೊರತು ಸಾಯುವುದಿಲ್ಲ. ಅಮೆರಿಕದ ವರ್ಗೀಕರಣದಲ್ಲಿ ಇದನ್ನು ಹದಿಹರೆಯದವರಿಗೆ ಸಲ್ಲುವ ಆಟವೆಂದು ಗುರುತಿಸಲಾಯಿತು.

ಅಪರಾಧಿಗಳಾದ ಮನೋರೋಗಿಗಳನ್ನು ಇರಿಸುವ ಒಂದು ಆಸ್ಪತ್ರೆಯನ್ನು ಜೋಕರ್ ಎಂಬ ದುಷ್ಟನು ವಶಪಡಿಸಿಕೊಳ್ಳುವುದು ಕತೆಯ ಆರಂಭ. ಡೆಮೊದಲ್ಲಿ ಮುಖ್ಯವಾಗಿ ಮೂರು ಬಗೆಯ ಸನ್ನಿವೇಶಗಳಿವೆ. ಮೊದಲನೆಯದು ಬಹಿರಂಗ ಹೊಡೆದಾಟ. ಸುತ್ತುವರಿದ ಗೂಂಡಾಗಳನ್ನು ನಾಯಕನು ಒಬ್ಬೊಬ್ಬರನ್ನಾಗಿ ಗುದ್ದಿ ಉರುಳಿಸುತ್ತಾನೆ. ತಪ್ಪಿಲ್ಲದೆ ಸತತವಾಗಿ ಬಿದ್ದ ಏಟುಗಳ ಎಣಿಕೆ ತೆರೆಯ ಮೇಲೆ ಏರುತ್ತಾ ಹೋಗುತ್ತದೆ.

ಎರಡನೆಯ ಸನ್ನಿವೇಶ ಹೃದಯವನ್ನು ಹಿಡಿದು ನಿಲ್ಲಿಸುವಂಥದು. ವಿಕ್ಟರ್ ಝಾಸ್ ಎಂಬ ಕೊಲೆಗಾರನು ಒಬ್ಬ ಕಾವಲುಗಾರನನ್ನು ವಿದ್ಯುತ್ ಕುರ್ಚಿಗೆ ಬಿಗಿದಿದ್ದಾನೆ. ನಾಯಕನು ಕಣ್ಣಿಗೆ ಬಿದ್ದ ಕ್ಷಣವೇ ಕಾವಲುಗಾರನ ಪ್ರಾಣ ಹೋಗುತ್ತದೆ. ಈ ಝಾಸ್ ಕೊಂದ ಪ್ರತಿಯೊಬ್ಬರಿಗೂ ತನ್ನ ಮೈಮೇಲೆ ಒಂದು ಗೀಟು ಕೊಯ್ದುಕೊಳ್ಳುವವನು. ಆಡುವವನು ನುಗ್ಗುವಂತಿಲ್ಲ. ನಿಲ್ಲಬೇಕು, ನೋಡಬೇಕು, ಮೇಲಿನಿಂದ ದಾರಿ ಹುಡುಕಬೇಕು, ಸದ್ದಿಲ್ಲದೆ ಹಿಂದಿನಿಂದ ಬರಬೇಕು. ಅವಸರಪಟ್ಟರೆ ಒಬ್ಬ ನಿರಪರಾಧಿಯ ಸಾವು. ಮತ್ತೆ ಮೊದಲಿನಿಂದ ಆರಂಭ.

ಮೂರನೆಯದು ಆಯುಧಧಾರಿಗಳು ತುಂಬಿದ ಒಂದು ದೊಡ್ಡ ಕೋಣೆ. ಚಾವಣಿಯ ಹತ್ತಿರ ಗೋಡೆಯಿಂದ ಚಾಚಿಕೊಂಡ ವಿಕಾರಮುಖದ ಕಲ್ಲುಬೊಂಬೆಗಳಿವೆ. ನಾಯಕನು ಅವುಗಳ ಮೇಲೆ ಕತ್ತಲಲ್ಲಿ ಕುಳಿತು, ಗುಂಪಿನಿಂದ ಬೇರೆಯಾದವನನ್ನು ಗುರುತಿಸಿ, ಇಳಿದು, ಕೆಡವಿ, ಮರಳಿ ಮೇಲೇರುತ್ತಾನೆ. ಅವನ ಮುಖವಾಡದ ಒಂದು ವಿಶೇಷ ದೃಷ್ಟಿಯಿಂದ ಗೋಡೆಯಾಚೆಗಿನ ಮನುಷ್ಯರೂ ಅಸ್ಥಿಪಂಜರಗಳಂತೆ ಕಾಣುತ್ತಾರೆ. ಪ್ರತಿಯೊಬ್ಬನೂ ಶಾಂತನಾಗಿದ್ದಾನೆಯೋ, ಆತಂಕದಲ್ಲಿದ್ದಾನೆಯೋ, ಭಯಭೀತನಾಗಿದ್ದಾನೆಯೋ ಎಂಬುದನ್ನೂ ಅದು ಬರೆದು ತೋರಿಸುತ್ತದೆ. ಸಂಗಾತಿಯೊಬ್ಬನು ಬಿದ್ದಿರುವುದನ್ನು ಕಂಡವರು ಬೆದರುತ್ತಾರೆ. ನೆರಳು ಅಲುಗಿದರೂ ಗುಂಡು ಹಾರಿಸುತ್ತಾರೆ. ಅವರ ಭಯ ಹೆಚ್ಚಿದಷ್ಟೂ ಅವರ ತಪ್ಪುಗಳು ಹೆಚ್ಚುತ್ತವೆ. ತಪ್ಪುಗಳು ಹೆಚ್ಚಿದಷ್ಟೂ ಆಡುವವನಿಗೆ ಅನುಕೂಲ. ಇಂಥ ಭಾಗಗಳಿಗೆ ಆಟದ ಲೋಕದಲ್ಲಿ ‘ಪ್ರಿಡೇಟರ್’ ಎಂದು ಹೆಸರು. ಬೇಟೆಯಾಡಿ ತಿನ್ನುವ ಪ್ರಾಣಿ ಎಂದು ಅದರ ಅರ್ಥ.

ಮೊದಲ ನೋಟಕ್ಕೆ ಈ ಡೆಮೊ ಮನಸ್ಸನ್ನು ಸೆಳೆಯುತ್ತದೆಂಬುದನ್ನು ಒಪ್ಪಲೇಬೇಕು. ಸಿಕ್ಕಸಿಕ್ಕವರ ಮೇಲೆ ಗುಂಡು ಹಾರಿಸುವ ಆಟಗಳ ನಡುವೆ ತಾಳ್ಮೆ, ಏಕಾಗ್ರತೆ, ಕೊಲ್ಲದಿರುವ ನಿಯಮ ಇವು ಮೂರೂ ಒಂದೆಡೆ ಸಿಗುವುದು ಅಪರೂಪ. ‘ನೋಡಿ ತಾತ, ಇವನು ಯಾರನ್ನೂ ಕೊಲ್ಲುವುದಿಲ್ಲ’ ಎಂದು ಮೊಮ್ಮಗನು ಹೆಮ್ಮೆಯಿಂದ ಹೇಳಿದರೆ ತಾತನಿಗೆ ಸಮಾಧಾನವೂ ಆಗಬಹುದು. ಆದರೆ ವಿಚಾರ ಆರಂಭವಾಗಬೇಕಾದದ್ದು ಇಲ್ಲಿಂದಲೇ.

ಕೊಲ್ಲದಿರುವುದು ಮತ್ತು ಅಹಿಂಸೆ

ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಎರಡು ಅಂಶಗಳನ್ನು ಜೋಡಿಸುತ್ತದೆ. ಪ್ರಾಣಕ್ಕೆ ಒದಗುವ ಘಾತ ಒಂದು; ಅದಕ್ಕೆ ಮೂಲವಾದ ಪ್ರಮಾದ ಮತ್ತೊಂದು. ಇಲ್ಲಿ ‘ಪ್ರಾಣ’ವೆಂದರೆ ಉಸಿರೊಂದೇ ಅಲ್ಲ. ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಶ್ವಾಸೋಚ್ಛ್ವಾಸ, ಆಯು ಎಂದು ಪ್ರಾಣಗಳು ಹತ್ತು. ಇವುಗಳಲ್ಲಿ ಯಾವುದಕ್ಕೆ ಘಾತವಾದರೂ ಅದು ಹಿಂಸೆಯೇ.

ಈ ಅಳತೆಯಿಂದ ನೋಡಿದರೆ ಕೊಲ್ಲದ ವೀರನ ವ್ರತ ಎಷ್ಟು ಕಿರಿದೆಂಬುದು ತಿಳಿಯುತ್ತದೆ. ಅವನು ಕಾಯ್ದಿರುವುದು ಹತ್ತರಲ್ಲಿ ಒಂದನ್ನು, ಆಯುಪ್ರಾಣವನ್ನು ಮಾತ್ರ. ಮುರಿದ ಕೈ ಕಾಯಬಲಕ್ಕೆ ಬಿದ್ದ ಪೆಟ್ಟು. ಮೂರ್ಛೆ ಇಂದ್ರಿಯಗಳಿಗೆ ಬಿದ್ದ ಪೆಟ್ಟು. ಇನ್ನು ಆ ಕತ್ತಲ ಕೋಣೆಯಲ್ಲಿ ಒಬ್ಬೊಬ್ಬನನ್ನೂ ಶಾಂತ ಸ್ಥಿತಿಯಿಂದ ಭಯಭೀತ ಸ್ಥಿತಿಗೆ ತಳ್ಳುವುದು ಮನೋಬಲಕ್ಕೆ ಕೊಡುವ ಪೆಟ್ಟಲ್ಲದೆ ಮತ್ತೇನು? ಭಯವೇ ಅವನ ಮುಖ್ಯ ಆಯುಧ. ದಾನಗಳಲ್ಲಿ ಅಭಯದಾನವೇ ಶ್ರೇಷ್ಠವೆಂದು ನಂಬಿದ ಪರಂಪರೆಯ ಮುಂದೆ, ಭಯವನ್ನು ಹಂಚುತ್ತಾ ಕೊಲ್ಲದಿರುವವನು ಅಹಿಂಸಕನೆನಿಸಲಾರನು.

ಹೋಲಿಕೆಗೆ ಕನ್ನಡನಾಡಿನಲ್ಲಿಯೇ ಒಂದು ದೊಡ್ಡ ಉದಾಹರಣೆಯಿದೆ. ಗಂಗರಾಜರು ತಮ್ಮ ಶಾಸನಗಳಲ್ಲಿ ಕುವಲಾಲಪುರದ ಒಡೆಯರೆಂದು ಹೇಳಿಕೊಂಡರು. ಆ ಕುವಲಾಲಪುರವೇ ಇಂದಿನ ಕೋಲಾರ. ಅದೇ ವಂಶದ ಮಂತ್ರಿ ಚಾವುಂಡರಾಯನು 10ನೆಯ ಶತಮಾನದ ಕೊನೆಯಲ್ಲಿ ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದನು. ಭರತ ಬಾಹುಬಲಿಯರ ಸೇನೆಗಳು ಎದುರುಬದುರಾಗಿ ನಿಂತಾಗ ಸಾವಿರಾರು ಜನರ ಸಾವನ್ನು ತಪ್ಪಿಸಲೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಏರ್ಪಟ್ಟವು. ಮಲ್ಲಯುದ್ಧದಲ್ಲಿ ಬಾಹುಬಲಿಯು ಅಣ್ಣನನ್ನು ಎತ್ತಿ ಹಿಡಿದನು. ನೆಲಕ್ಕೆ ಅಪ್ಪಳಿಸದೆ ಗೌರವದಿಂದ ಇಳಿಸಿದನು. ಅಲ್ಲಿಯೂ ಕೊಲ್ಲದ ನಿಯಮವಿತ್ತು. ಆದರೆ ಆ ಕ್ಷಣದಲ್ಲಿ ಅವನ ದೃಷ್ಟಿ ತಿರುಗಿದ್ದು ತನ್ನ ಕಡೆಗೆ. ಗೆಲುವಿನ ನಿಸ್ಸಾರತೆಯನ್ನು ಕಂಡು ರಾಜ್ಯವನ್ನೇ ಬಿಟ್ಟು ತಪಸ್ಸಿಗೆ ನಡೆದನು. ತೆರೆಯ ಮೇಲಿನ ವೀರನಿಗೆ ಒಬ್ಬನನ್ನು ಕೆಡವಿದ ಮೇಲೆ ಇನ್ನೊಬ್ಬನು ಕಾದಿರುತ್ತಾನೆ. ಅವನಿಗೆ ನಿಲುಗಡೆಯಿಲ್ಲ, ನಿಲ್ಲಿಸಿದರೆ ಆಟವೇ ಇಲ್ಲ.

ಜೀವವಿಲ್ಲದವರಿಗೆ ಹಿಂಸೆಯುಂಟೆ?

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ತೆರೆಯ ಮೇಲಿನ ಗೂಂಡಾಗಳಿಗೆ ಹತ್ತು ಪ್ರಾಣಗಳಿರಲಿ, ಒಂದು ಪ್ರಾಣವೂ ಇಲ್ಲ. ಅವರು ಬೆಳಕಿನ ಚುಕ್ಕೆಗಳು. ಏಕೇಂದ್ರಿಯ ಜೀವಕ್ಕೆ ಇರುವಷ್ಟು ಚೇತನವೂ ಅವರಲ್ಲಿಲ್ಲ. ಹೀಗಿರುವಾಗ ಪ್ರಾಣಘಾತದ ಮಾತೇಕೆ?

ಈ ಆಕ್ಷೇಪಕ್ಕೆ ಉತ್ತರವನ್ನು ಕನ್ನಡದ ಕವಿ ಎಂಟುನೂರು ವರ್ಷಗಳ ಹಿಂದೆಯೇ ಕತೆಯಾಗಿಸಿದ್ದಾನೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನನು 1209ರಲ್ಲಿ ಬರೆದ ‘ಯಶೋಧರ ಚರಿತೆ’ಯ ಕಥಾವಸ್ತು ಬಹುತೇಕ ಜೈನ ಮನೆಗಳಿಗೆ ಪರಿಚಿತವಾದದ್ದು. ಅನಿಷ್ಟದ ಪರಿಹಾರಕ್ಕೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಯಶೋಧರನು ಒಪ್ಪುವುದಿಲ್ಲ. ಕೊನೆಗೆ ತಾಯಿಯ ಮಾತನ್ನು ಮೀರಲಾರದೆ, ಜೀವವನ್ನು ಕೊಲ್ಲಲೂ ಆರದೆ, ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿ ಕೊಡಲು ಒಪ್ಪುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಆಡು, ಕೋಳಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ.

ಯಶೋಧರನು ಮಾಡಿದ್ದು ರಾಜಿ. ಕೊಲ್ಲುವುದೂ ಬೇಡ, ಬಿಡುವುದೂ ಬೇಡ ಎಂಬ ರಾಜಿ. ಕೊಲ್ಲದ ವೀರನ ಆಟವೂ ಅದೇ ಬಗೆಯ ರಾಜಿಯೆಂದು ಒಮ್ಮೆಗೇ ಹೇಳಿಬಿಡುವುದು ಸುಲಭ. ಆದರೆ ಎರಡನ್ನೂ ಸಮವೆನ್ನುವುದು ನ್ಯಾಯವಲ್ಲ. ಯಶೋಧರನು ಕತ್ತಿಯೆತ್ತಿದಾಗ ಅದು ಬಲಿಯೆಂದೇ ನಂಬಿದ್ದನು; ಜೀವಂತ ಕೋಳಿಯ ಸ್ಥಾನದಲ್ಲಿ ಆ ಹಿಟ್ಟನ್ನು ಇರಿಸಿದ್ದನು. ಆಡುವ ಹುಡುಗನು ಯಾವ ದೇವತೆಗೂ ಬಲಿ ಕೊಡುತ್ತಿಲ್ಲ. ಎದುರಿಗಿರುವುದು ಚಿತ್ರವೆಂದು ಅವನಿಗೆ ಚೆನ್ನಾಗಿ ಗೊತ್ತು. ಆದುದರಿಂದ ಕತೆಯಿಂದ ಎತ್ತಿಕೊಳ್ಳಬೇಕಾದದ್ದು ಶಿಕ್ಷೆಯ ಭಯವನ್ನಲ್ಲ, ಒಂದು ತತ್ತ್ವವನ್ನು. ಹಿಂಸೆಯ ನೆಲೆ ಬೀಳುವ ವಸ್ತುವಿನಲ್ಲಿಲ್ಲ, ಬೀಳಿಸುವ ಭಾವದಲ್ಲಿದೆ. ಅಮೃತಚಂದ್ರ ಆಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇದನ್ನೇ ಮತ್ತಷ್ಟು ಬಿಡಿಸಿದ್ದಾರೆ. ಅವರ ಅಭಿಪ್ರಾಯದಂತೆ ಕಷಾಯಕ್ಕೆ ವಶನಾದವನಿಂದ ಮೊದಲು ಗಾಯಗೊಳ್ಳುವುದು ಅವನ ಆತ್ಮವೇ. ಅನ್ಯಜೀವಿಗೆ ಆಮೇಲೆ ಪೆಟ್ಟು ತಗುಲಬಹುದು, ತಗುಲದೆಯೂ ಇರಬಹುದು. ಈ ಮಾತು ಕಂಪ್ಯೂಟರ್ ಆಟಕ್ಕೆ ಅಕ್ಷರಶಃ ಅನ್ವಯಿಸುತ್ತದೆ. ಆ ಕತ್ತಲ ಕೋಣೆಯಲ್ಲಿ ಜೀವವುಳ್ಳವನು ಒಬ್ಬನೇ. ಅವನು ತೆರೆಯ ಈಚೆ ಕುಳಿತಿದ್ದಾನೆ.

ನೂರೆಂಟರ ಲೆಕ್ಕ

ವ್ಯಾಪಾರಸ್ಥರಿಗೆ ಲೆಕ್ಕವೆಂದರೆ ಪ್ರೀತಿ. ಕರ್ಮಾಸ್ರವಕ್ಕೆ ಜೀವದ ಕಡೆಯಿಂದ ಒದಗುವ ಆಧಾರಗಳನ್ನು ಶಾಸ್ತ್ರವು ನೂರೆಂಟಾಗಿ ಎಣಿಸಿದೆ. ಸಂರಂಭ, ಸಮಾರಂಭ, ಆರಂಭ ಎಂದು ಮೂರು. ಮನಸ್ಸು, ಮಾತು, ದೇಹ ಎಂದು ಮೂರು. ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂದು ನಾಲ್ಕು. ಮೂರನ್ನು ಮೂರರಿಂದ, ಮತ್ತೆ ಮೂರರಿಂದ, ಬಳಿಕ ನಾಲ್ಕರಿಂದ ಗುಣಿಸಿದರೆ 108.

ಸಂರಂಭವೆಂದರೆ ಮಾಡಬೇಕೆಂಬ ಸಂಕಲ್ಪ. ಸಮಾರಂಭವೆಂದರೆ ಅದಕ್ಕೆ ಬೇಕಾದ ಸಾಧನಗಳನ್ನು ಅಣಿಗೊಳಿಸುವುದು. ಆರಂಭವೆಂದರೆ ಕಾರ್ಯಕ್ಕೆ ಕೈಹಚ್ಚುವುದು. ಬಹಿರಂಗ ಹೊಡೆದಾಟದ ಆಟಗಳಲ್ಲಿ ರುಚಿಯೆಲ್ಲ ‘ಆರಂಭ’ದಲ್ಲಿರುತ್ತದೆ, ಗುಂಡಿ ಒತ್ತಿದ್ದೂ ಏಟು ಬಿದ್ದದ್ದೂ ಒಂದೇ ಕ್ಷಣ. ಅಡಗಿ ಹೊಂಚುವ ಈ ಬಗೆಯ ಆಟದಲ್ಲಿ ಹೊಡೆತ ಎರಡು ಕ್ಷಣದ್ದು. ಅದರ ಹಿಂದಿನ ಸಂರಂಭ ಸಮಾರಂಭಗಳು ಹಲವು ನಿಮಿಷಗಳವು. ಯಾರನ್ನು, ಯಾವಾಗ, ಯಾವ ದಿಕ್ಕಿನಿಂದ ಎಂದು ಮನಸ್ಸು ಕುದಿಯುತ್ತಿರುತ್ತದೆ. ಆದುದರಿಂದ ಕಡಿಮೆ ಹೊಡೆತಗಳಿರುವ ಆಟವೇ ಕಡಿಮೆ ದೋಷದ್ದೆಂದು ಭಾವಿಸಬೇಕಾಗಿಲ್ಲ.

ಹಾಗೆಂದು ಹೊಂಚುವಿಕೆಯೆಲ್ಲವೂ ಒಂದೇ ಅಲ್ಲ. ಬೆಕ್ಕು ತನ್ನ ಮರಿಯನ್ನೂ ಇಲಿಯನ್ನೂ ಅದೇ ಹಲ್ಲಿನಿಂದ ಹಿಡಿಯುತ್ತದೆ. ವಿದ್ಯುತ್ ಕುರ್ಚಿಯ ಸನ್ನಿವೇಶದಲ್ಲಿ ನಾಯಕನ ಮೆಲುನಡೆ ಒಬ್ಬನ ಜೀವ ಉಳಿಸಲೆಂದು. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಪೂರ್ಣವಾಗಿ ತ್ಯಾಜ್ಯ. ಅಡುಗೆ ಮನೆವಾರ್ತೆಗಳ ಆರಂಭೀ ಹಿಂಸೆ, ಜೀವನೋಪಾಯದ ಉದ್ಯೋಗೀ ಹಿಂಸೆ, ಆಕ್ರಮಣವನ್ನು ಎದುರಿಸುವ ವಿರೋಧೀ ಹಿಂಸೆ ಇವುಗಳನ್ನು ಅವನು ಪೂರ್ತಿ ತಪ್ಪಿಸಿಕೊಳ್ಳಲಾರನೆಂದು ಶಾಸ್ತ್ರ ಒಪ್ಪಿದೆ. ಕುರ್ಚಿಗೆ ಕಟ್ಟಿಹಾಕಿದವನನ್ನು ಬಿಡಿಸುವುದು ವಿರೋಧೀ ವರ್ಗಕ್ಕೆ ಸೇರಬಹುದು. ಅಲ್ಲಿ ಆಡುವ ಹುಡುಗನ ಎದೆ ಬಡಿದುಕೊಳ್ಳುವುದು ಕಾವಲುಗಾರನಿಗಾಗಿ. ಅದರಲ್ಲಿ ಕರುಣೆಯ ಒಂದು ಎಳೆಯಿದೆ.

ಮೂರನೆಯ ಕೋಣೆಯಲ್ಲಿ ಕತೆಯ ನೆಪ ವಿರೋಧೀ ಹಿಂಸೆಯದೇ ಆದರೂ ಆನಂದದ ಮೂಲ ಬೇರೆ. ಅಲ್ಲಿ ಗಮನವೆಲ್ಲ ಉಳಿದವರು ಹೇಗೆ ನಡುಗುತ್ತಾರೆಂಬುದರ ಮೇಲೆ. ಪರರ ನೋವಿನಲ್ಲಿ ಹಿಗ್ಗುವುದನ್ನು ಹಿಂಸಾನಂದವೆಂಬ ರೌದ್ರಧ್ಯಾನವೆಂದು ಕರೆದಿದ್ದಾರೆ. ಸಪ್ತವ್ಯಸನಗಳ ಪಟ್ಟಿಯಲ್ಲಿ ಜೂಜಿನ ಜೊತೆಗೆ ಬೇಟೆಯೂ ಸೇರಿರುವುದು ಇದೇ ಕಾರಣಕ್ಕೆ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಭಾರತದ ಸಂಸತ್ತು 2025ರಲ್ಲಿ ಅಂಗೀಕರಿಸಿತು. ಜೂಜಿನ ಅಪಾಯ ರಾಜ್ಯದ ಕಣ್ಣಿಗೂ ಬಿದ್ದಿದೆ. ಆದರೆ ಬೇಟೆಯ ಭಾವಕ್ಕೆ ಯಾವ ಕಾಯಿದೆಯೂ ಇಲ್ಲ. ಅದನ್ನು ಕಾಯಬೇಕಾದವನು ಆಡುವವನೇ.

ಎರಡು ಪ್ರತಿವಾದಗಳು

ಕಾವ್ಯಗಳಲ್ಲಿಯೂ ಯುದ್ಧವಿಲ್ಲವೆ ಎಂದು ಕೇಳುವವರುಂಟು. ‘ಆದಿಪುರಾಣ’ ಬರೆದ ಪಂಪನೇ ‘ವಿಕ್ರಮಾರ್ಜುನ ವಿಜಯ’ವನ್ನೂ ಬರೆದನು, ‘ಅಜಿತಪುರಾಣ’ದ ರನ್ನನೇ ಭೀಮ ದುರ್ಯೋಧನರ ಗದಾಯುದ್ಧವನ್ನು ವರ್ಣಿಸಿದನು. ಜೈನ ಕವಿಗಳು ವೀರ ರೌದ್ರ ರಸಗಳಿಗೆ ಹೆದರಲಿಲ್ಲ. ಈ ವಾದದಲ್ಲಿ ಬಲವಿದೆ. ಆದರೆ ಓದುವವನು ದುರ್ಯೋಧನನ ತೊಡೆ ಮುರಿದುದನ್ನು ಕೇಳುತ್ತಾನೆ. ಅವನಿಗಾಗಿ ಮರುಗುವ ಅವಕಾಶವನ್ನೂ ಕವಿ ಕೊಡುತ್ತಾನೆ. ಆಟದಲ್ಲಿ ಏಟು ಆಡುವವನ ಬೆರಳಿನಿಂದಲೇ ಹೊರಡಬೇಕು, ಬಿದ್ದವನಿಗಾಗಿ ಮರುಗಲು ಸಮಯವಿರುವುದಿಲ್ಲ. ಅನುಮೋದನೆಯಿಂದ ಕೃತಕ್ಕೆ ಒಂದು ಹೆಜ್ಜೆ ಹತ್ತಿರ ಬಂದಂತಾಯಿತು.

ವಿಜ್ಞಾನಿಗಳು ಏನು ಹೇಳುತ್ತಾರೆಂಬುದು ಇನ್ನೊಂದು ಪ್ರಶ್ನೆ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವು 2015ರಲ್ಲಿ ಹಿಂಸಾತ್ಮಕ ಆಟಗಳಿಗೂ ಆಕ್ರಮಣಶೀಲ ವರ್ತನೆಗೂ ಸಂಬಂಧವಿದೆಯೆಂದು ಹೇಳಿತು. 2020ರಲ್ಲಿ ಆ ಸಂಬಂಧ ಚಿಕ್ಕದೆಂದೂ, ಕೊಲೆ ದೊಂಬಿಗಳಂಥ ಅಪರಾಧಗಳನ್ನು ಆಟಗಳ ತಲೆಗೆ ಕಟ್ಟುವುದು ಸರಿಯಲ್ಲವೆಂದೂ ಸ್ಪಷ್ಟಪಡಿಸಿತು. ಸಂಬಂಧವೇ ಕಾಣದ ಸಂಶೋಧನೆಗಳೂ ಇವೆ. ಆದುದರಿಂದ ‘ಈ ಆಟ ಆಡಿದರೆ ಮಗ ಕೊಲೆಗಾರನಾಗುತ್ತಾನೆ’ ಎಂದು ಬೆದರಿಸುವುದು ಅಸತ್ಯ. ಸತ್ಯಾಣುವ್ರತಕ್ಕೆ ಅದು ತಕ್ಕುದಲ್ಲ. ಇಲ್ಲಿರುವ ಪ್ರಶ್ನೆ ಅಪರಾಧದ್ದಲ್ಲ, ಭಾವಶುದ್ಧಿಯದು. ಸಮಂತಭದ್ರ ಆಚಾರ್ಯರು ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡ ವಿರತಿಯನ್ನು ಹೇಳಿ, ಪ್ರಯೋಜನವಿಲ್ಲದ ದೋಷಗಳಲ್ಲಿ ಅಪಧ್ಯಾನವನ್ನೂ, ಅಂದರೆ ಪರರಿಗೆ ಕೇಡು ಬಗೆಯುತ್ತಾ ಕೂರುವುದನ್ನೂ, ಸೇರಿಸಿದ್ದಾರೆ. ಆಟಕ್ಕೆ ಹಾಕಬೇಕಾದ ಅಳತೆ ಇದು.

ಸ್ಯಾಂಪಲ್ಲಿನ ಮಾತಿಗೆ ಮರಳಿದರೆ, ಮುಂದೆ ಬಂದ ಸರಕಿನ ಸುದ್ದಿಯೂ ತಿಳಿದಿರಬೇಕು. ಅದೇ ಸಂಸ್ಥೆ 2011ರಲ್ಲಿ ಮತ್ತು 2015ರಲ್ಲಿ ಇದೇ ನಾಯಕನ ಇನ್ನೆರಡು ಆಟಗಳನ್ನು ತಂದಿತು. 2024ರಲ್ಲಿ ತಂದ ಆಟದ ಹೆಸರಿನಲ್ಲಿಯೇ ‘ಕೊಲ್ಲು’ ಎಂಬ ಪದವಿತ್ತು. ಕೊಲ್ಲಬೇಕಾದವರು ವೀರನಾಯಕರೇ ಆಗಿದ್ದರು. ಅದಕ್ಕೆ ನಿರೀಕ್ಷಿಸಿದಷ್ಟು ವ್ಯಾಪಾರವಾಗಲಿಲ್ಲವೆಂದು ಮಾಲೀಕ ಸಂಸ್ಥೆಯೇ ಹೇಳಿತು. ಕೊಲ್ಲದ ನಿಯಮವು ಕತೆಗಾರರ ಅನುಕೂಲವಾಗಿರುವಷ್ಟು ಕಾಲ ಮಾತ್ರ ಉಳಿಯುತ್ತದೆಂಬುದಕ್ಕೆ ಇದು ಸಾಕ್ಷಿ. ಕೊಂಡುಕೊಂಡ ನಿಯಮಕ್ಕೂ ತಾನೇ ಸ್ವೀಕರಿಸಿದ ವ್ರತಕ್ಕೂ ಇರುವ ಅಂತರ ಇದೇ.

ಗದ್ದಿಗೆಯ ಮುಂದಿನ ಭಯ

ಮಕ್ಕಳಿಗೆ ಈ ಮಾತುಗಳನ್ನು ಹೇಳುವ ಮೊದಲು ಹಿರಿಯರು ತಮ್ಮ ಖಾತೆಯನ್ನೂ ತೆರೆದು ನೋಡಬೇಕಾಗುತ್ತದೆ. ಮುಳಬಾಗಿಲು, ಶ್ರೀನಿವಾಸಪುರದ ಸುತ್ತಿನ ಹಿಪ್ಪುನೇರಳೆ ತೋಟಗಳಿಂದ ಬರುವ ಗೂಡುಗಳನ್ನು ಬಿಸಿನೀರಿಗೆ ಹಾಕದೆ ಸಾಮಾನ್ಯ ರೇಷ್ಮೆಯ ನೂಲು ಬರದು. ಗೂಡಿನೊಳಗಿನ ಜೀವ ಚಿತ್ರವಲ್ಲ. ಆ ರೇಷ್ಮೆಯನ್ನು ಉಟ್ಟು ಪೂಜೆಗೆ ಹೊರಟವರು ಹುಡುಗನ ಆಟವನ್ನು ಬೈದರೆ ಅವನು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಅಳೆದುಕೊಳ್ಳುತ್ತಾನೆ.

ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ಗಿರವಿ ಬಿಡಿಸಿಕೊಳ್ಳಲು ಬಂದ ಬಡ ರೈತ ಬಡ್ಡಿ ಪೂರ್ತಿ ತಂದಿಲ್ಲ. ಗದ್ದಿಗೆಯ ಮೇಲೆ ಕುಳಿತ ಯಜಮಾನರು ಕೈಯೆತ್ತುವುದಿಲ್ಲ, ಕೆಟ್ಟ ಮಾತೂ ಆಡುವುದಿಲ್ಲ. ಪುಸ್ತಕದ ಹಾಳೆಯನ್ನು ನಿಧಾನವಾಗಿ ತಿರುವುತ್ತಾ ಮೌನವಾಗಿರುತ್ತಾರೆ. ಎದುರಿಗಿರುವವನ ಮುಖ ಶಾಂತ ಸ್ಥಿತಿಯಿಂದ ಆತಂಕಕ್ಕೆ, ಆತಂಕದಿಂದ ಭಯಕ್ಕೆ ಇಳಿಯುತ್ತದೆ. ಅವನು ತಪ್ಪು ಲೆಕ್ಕಕ್ಕೂ ತಲೆಯಾಡಿಸುತ್ತಾನೆ. ಸಾಮಾನು ಕೊಡುವುದು ತಡವಾದ ಅಂಗಡಿಯ ಹುಡುಗನಿಗೂ ಇದೇ ಮೌನ. ಅಲ್ಲಿಯೂ ಕೊಲೆಯಿಲ್ಲ, ಹೊಡೆತವಿಲ್ಲ. ಅಂದು ಸಂಜೆ ಸೂರ್ಯಾಸ್ತಕ್ಕೆ ಮೊದಲೇ ಊಟವೂ ಮುಗಿಯುತ್ತದೆ. ಇಂಥ ದೃಶ್ಯವನ್ನು ಮೆಟ್ಟಿಲ ಮೇಲೆ ಕುಳಿತ ಮಗನು ನೋಡಿದರೆ, ಕೊಲ್ಲದ ವೀರನ ಪಾಠವನ್ನು ಅವನು ಕಂಪ್ಯೂಟರಿನಿಂದ ಕಲಿಯಬೇಕಾಗಿಲ್ಲ. ಅದೂ ಇಲ್ಲಿ ನಡುಗುವವನಿಗೆ ಹತ್ತು ಪ್ರಾಣಗಳೂ ಇವೆ.

ಆದುದರಿಂದ ಈ ಆಟದಲ್ಲಿರುವ ನಿಜವಾದ ಅಪಾಯ ಅದರ ಹೊಡೆತಗಳಲ್ಲಿಲ್ಲ, ಅದರ ಸದ್ಗುಣದಲ್ಲಿದೆ. ಕೊಲ್ಲದಿದ್ದರೆ ಸಾಕು, ಉಳಿದದ್ದೆಲ್ಲ ಸಲ್ಲುತ್ತದೆಂಬ ನಂಬಿಕೆಯನ್ನು ಅದು ಚೆಂದವಾಗಿ ಬೇರೂರಿಸುತ್ತದೆ. ಆ ನಂಬಿಕೆ ಸಮಾಜದಲ್ಲಿ ಮೊದಲೇ ಬೇರೂರಿದ್ದರೆ ಆಟವು ಅದಕ್ಕೆ ನೀರೆರೆಯುತ್ತದೆ, ಅಷ್ಟೆ.

ಮನೆಗಳೂ ಟ್ರಸ್ಟುಗಳೂ ಮಾಡಬಹುದಾದದ್ದು

ನಿಷೇಧದ ಠರಾವು ಮಾಡುವುದು ಟ್ರಸ್ಟುಗಳಿಗೆ ಬಹಳ ಸುಲಭ. ಆದರೆ ಆಟ ಈಗ ಜೇಬಿನ ಫೋನಿನಲ್ಲಿಯೂ ಇರುವಾಗ ಆ ಠರಾವು ಪುಸ್ತಕದಲ್ಲಿಯೇ ಉಳಿಯುತ್ತದೆ. ಹುಡುಗರಿಗೆ ಮುಚ್ಚಿಡುವ ಮಾಯೆಯನ್ನು ಮಾತ್ರ ಕಲಿಸುತ್ತದೆ. ಅದರ ಬದಲು ಪಾಠಶಾಲೆಯ ಒಂದು ಭಾನುವಾರ, ಇಂಥದೊಂದು ಡೆಮೊವನ್ನು ಹಿರಿಯರ ಎದುರಿನಲ್ಲಿಯೇ ಹುಡುಗರಿಂದ ಆಡಿಸಬಹುದು. ಕುರ್ಚಿಯ ಸನ್ನಿವೇಶದಲ್ಲಿ ಮನಸ್ಸು ಹೇಗಿತ್ತು, ಕಲ್ಲುಬೊಂಬೆಗಳ ಕೋಣೆಯಲ್ಲಿ ಹೇಗಿತ್ತು ಎಂದು ಅವರನ್ನೇ ಕೇಳಬಹುದು. ಆಮೇಲೆ ಯಶೋಧರನ ಕತೆ ಹೇಳಿದರೆ ಹಿಟ್ಟಿನ ಕೋಳಿಯ ಕೂಗು ಅವರಿಗೆ ನೂರು ಉಪದೇಶಗಳಿಗಿಂತ ಚೆನ್ನಾಗಿ ಕೇಳಿಸುತ್ತದೆ.

ಮನೆಯಲ್ಲಿ ಅಜ್ಜಿಯ ಸಾಮಾಯಿಕ 48 ನಿಮಿಷ. ಹುಡುಗನ ಆಟಕ್ಕೂ ಅಷ್ಟೇ ಮಿತಿಯಿಟ್ಟುಕೊಂಡರೆ ಮನೆಯಲ್ಲಿ ಎರಡು ಗಡಿಯಾರಗಳ ಜಗಳವಿರುವುದಿಲ್ಲ. ಆಟದಿಂದ ಎದ್ದ ಮೇಲೆ ಪ್ರತಿಕ್ರಮಣದ ರೀತಿಯಲ್ಲಿ ಮೂರು ಪ್ರಶ್ನೆಗಳನ್ನು ತನಗೆ ತಾನೇ ಹಾಕಿಕೊಳ್ಳುವ ಅಭ್ಯಾಸವಾಗಬೇಕು. ಹಿಗ್ಗಿದ್ದು ಒಬ್ಬನು ಉಳಿದುದಕ್ಕೋ, ಒಬ್ಬನು ನಡುಗಿದುದಕ್ಕೋ? ನಿಲ್ಲಿಸಬೇಕೆನಿಸಿದಾಗ ನಿಲ್ಲಿಸಲು ಸಾಧ್ಯವಾಯಿತೋ, ಇಲ್ಲವೋ? ಎದ್ದ ಮೇಲೆ ಮೊದಲು ಎದುರಾದವರೊಡನೆ ಮಾತು ಯಾವ ಧ್ವನಿಯಲ್ಲಿ ಹೊರಟಿತು? ಮೂರಕ್ಕೂ ಪ್ರಾಮಾಣಿಕವಾದ ಉತ್ತರ ದೊರೆತರೆ, ಯಾವ ಆಟ ಇರಬೇಕು, ಯಾವುದು ಹೋಗಬೇಕು ಎಂಬುದನ್ನು ಹುಡುಗನೇ ತೀರ್ಮಾನಿಸಬಲ್ಲನು. ಅಂಗಡಿಯ ಬಾಗಿಲು ಹಾಕಿದ ಮೇಲೆ ತಂದೆಯೂ ಅದೇ ಮೂರು ಪ್ರಶ್ನೆಗಳನ್ನು ತನ್ನ ದಿನಕ್ಕೆ ಹಾಕಿಕೊಂಡರೆ ಪಾಠ ಪೂರ್ಣವಾಗುತ್ತದೆ.

ಈರ್ಯಾಸಮಿತಿಯಲ್ಲಿ ನಡೆಯುವ ಮುನಿಯೂ ಮೆಲ್ಲನೆ ಹೆಜ್ಜೆಯಿಡುತ್ತಾನೆ, ಹೊಂಚುವ ಬೇಟೆಗಾರನೂ ಮೆಲ್ಲನೆ ಹೆಜ್ಜೆಯಿಡುತ್ತಾನೆ. ಒಬ್ಬನದು ತನ್ನಿಂದ ಯಾವ ಜೀವಿಗೂ ನೋವಾಗಬಾರದೆಂದು, ಇನ್ನೊಬ್ಬನದು ತಾನು ಬರುವುದು ತಿಳಿಯಬಾರದೆಂದು. ಯಶೋಧರನೂ ಅವನ ತಾಯಿಯೂ ಎಷ್ಟೋ ಜನ್ಮಗಳ ತೊಳಲಾಟದ ಬಳಿಕ ಮನುಷ್ಯಜನ್ಮಕ್ಕೆ ಬಂದಾಗ ಅವರ ಹೆಸರುಗಳು ಅಭಯರುಚಿ, ಅಭಯಮತಿ ಎಂದಿದ್ದವು. ಬಲಿಪೀಠದ ಮುಂದೆ ನಿಂತಾಗಲೂ ಆ ಮಕ್ಕಳು ಅಂಜಲಿಲ್ಲ, ಕತ್ತಿಯೆತ್ತಿದ ಮಾರಿದತ್ತನನ್ನು ಅಂಜಿಸಲೂ ಇಲ್ಲ. ತಮ್ಮ ಕತೆಯನ್ನು ಹೇಳಿ ಅವನ ಮನಸ್ಸನ್ನು ತಿರುಗಿಸಿದರು. ಮಕ್ಕಳು ಯಾವ ಆಟವನ್ನಾದರೂ ಆಡಲಿ. ತಾನು ಅಂಜದಿರುವುದು, ಪರರನ್ನು ಅಂಜಿಸದಿರುವುದು ಎಂಬ ಆ ರುಚಿ ಅವರಲ್ಲಿ ಹುಟ್ಟುವಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ.